ನಮ್ಮ ಮಾವ ಓಡಿಹೋದ ಪ್ರಸಂಗ

ನಮ್ಮ ಸೋದರಮಾವ ಓಡಿಹೋಗಿ ಮದುವೆಯಾದವರು ಎಂದರೆ ಮುಂಬೈ ಪಕ್ಕದ ನಮ್ಮ ಡೊಂಬಿವಲಿಯಲ್ಲಿ ಯಾರೂ ನಂಬುವುದಿಲ್ಲ. ನಂಬುವುದಾದರೂ ಹೇಗೆ? ಆಗ ಅವರಿಗೆ ಐವತ್ತೊಂದು ವರ್ಷ, ಜೊತೆಗೆ ಮೊಣಕಾಲು ನೋವು. ಓಡುವುದಿರಲಿ, ಸ್ಟೇಷನ್ನಿನ ಸೇತುವೆ ಹತ್ತುವಾಗಲೇ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದರು! ಹುಡುಗಿಗೆ, ಅಂದರೆ ಐರೋಲಿಯ ಶಾಲೆಯೊಂದರಲ್ಲಿ ಗಣಿತ ಕಲಿಸುತ್ತಿದ್ದ ನಮ್ಮ ಈಗಿನ ಅತ್ತೆಗೆ, ನಲವತ್ತಾರು. ಬೆನ್ನಟ್ಟಿ ಬರುವವರು ಎರಡೂ ಕಡೆ ಯಾರೂ ಇರಲಿಲ್ಲ.

ಹೋಗಲಿ, ಮಾವನ ಉದ್ಯೋಗವಾದರೂ ಏನು? ಮದುವೆ ಊಟದ ಕೇಟರಿಂಗ್! ಥಾಣೆಯಿಂದ ಕಲ್ಯಾಣದವರೆಗೆ ನಮ್ಮ ಕರಾವಳಿಯವರ ಮದುವೆಯೆಂದರೆ ಅಡುಗೆ ಅವರದೇ. ಒಮ್ಮೆ ತಾಳಿ ಕಟ್ಟುವ ಹೊತ್ತಿಗೆ ಮಂಟಪಕ್ಕೇ ಬಂದು, “ಭಟ್ರೇ, ಇನ್ನೊಂದು ಹತ್ತು ನಿಮಿಷ ಮಂತ್ರ ಹೇಳಿ, ಹೋಳಿಗೆ ಇನ್ನೂ ಬರ್ಲಿಲ್ಲ” ಎಂದು ಕೇಳಿಕೊಂಡ ಮಹಾನುಭಾವರು ಇವರು. ಇಂಥವರ ಸ್ವಂತ ಮದುವೆಯ ಊಟ ಹೇಗಿರಬಹುದೆಂದು ಬಂಧುಬಳಗವೆಲ್ಲ ಬಾಯಲ್ಲಿ ನೀರೂರಿಸಿಕೊಂಡು ಕಾಯುತ್ತಿತ್ತು.

ಎಲ್ಲರಿಗಿಂತ ಹೆಚ್ಚು ಕಾದವಳು ನನ್ನ ಅಮ್ಮ. ತಾಯಿಯಿಲ್ಲದ ಈ ತಮ್ಮನನ್ನು ಸಾಕಿದವಳು ಅವಳೇ. ನನ್ನ ಅಪ್ಪ ತೀರಿಕೊಂಡ ಮೇಲೆ ಅವಳಿಗೆ ಉಳಿದಿದ್ದ ಒಂದೇ ಆಸೆ ತಮ್ಮನ ಮದುವೆಯನ್ನು ಕಣ್ತುಂಬ ನೋಡುವುದು. ಮಾವ ಒಂದು ಭಾನುವಾರ ಮನೆಗೆ ಬಂದು, “ಅಕ್ಕ, ಹುಡುಗಿ ಸಿಕ್ಕಿದ್ದಾಳೆ. ಆದ್ರೆ ಹಾಲ್ ಗೀಲ್ ಎಲ್ಲ ಬೇಡ, ನಾವು ಓಡಿಹೋಗ್ತೇವೆ” ಎಂದರು.

“ಎಂತ ಮಾರಾಯ, ಓಡಿಹೋಗುವವರು ಯಾರಾದ್ರೂ ಹೇಳಿ ಹೋಗ್ತಾರಾ? ನಿನ್ನನ್ನು ತಡೆದದ್ದು ಯಾರು?”

“ಹೇಳದೆ ಹೋದ್ರೆ ನೀನು ಬರುವುದು ಹೇಗೆ? ನೀನೂ ಬರ್ಬೇಕು.”

ಅಮ್ಮ ಅತ್ತಳು. “ಊರಿಗೆಲ್ಲ ಬಡಿಸಿದವನಿಗೆ ಅಕ್ಕನ ಒಂದು ಆಸೆ ನಡೆಸ್ಲಿಕ್ಕೆ ಆಗುದಿಲ್ವಾ?” ಎಂದಳು. ಮಾವ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟರು. ನನಗೂ ಅವರ ಮೇಲೆ ಸಿಟ್ಟು ಬಂದಿತ್ತು.

ರಿಜಿಸ್ಟರ್ ಮದುವೆಗೆ ಒಂದು ತಿಂಗಳ ಮೊದಲೇ ನೋಟಿಸು ಅಂಟಿಸುತ್ತಾರೆ. ಗೋಡೆಗೆ ನೋಟಿಸು ಅಂಟಿಸಿ ಓಡಿಹೋದವರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ನೆಂಟರ ಕಣ್ಣಿಗೆ ಬಿದ್ದೀತೆಂದು ಮಾವ ಬಿಡುವು ಸಿಕ್ಕಾಗಲೆಲ್ಲ ಥಾಣೆಯ ರಿಜಿಸ್ಟ್ರಾರ್ ಕಚೇರಿಗೆ ಹೋಗಿ, ಆ ನೋಟಿಸಿಗೆ ಬೆನ್ನು ಕೊಟ್ಟು ನಿಂತುಬಿಡುತ್ತಿದ್ದರು. ಏನು ಕೆಲಸವೆಂದು ಜವಾನ ಮರಾಠಿಯಲ್ಲಿ ಕೇಳಿದರೆ, ಇಲ್ಲಿಯ ಫ್ಯಾನಿನ ಗಾಳಿ ಬಹಳ ಚೆನ್ನಾಗಿದೆ ಎನ್ನುತ್ತಿದ್ದರಂತೆ!

ಆ ದಿನ ಮಾವ, ಅಮ್ಮ, ನಾನು ಡೊಂಬಿವಲಿಯಿಂದ ಸ್ಲೋ ಲೋಕಲ್ ಹಿಡಿದು ಹೊರಟೆವು. ನನ್ನ ಹೆಂಡತಿಯನ್ನೂ ಕರೆತರಬಾರದೆಂದು ಮಾವನ ಕಟ್ಟಪ್ಪಣೆ. ಅವಳು ನನ್ನನ್ನು ಇನ್ನೂ ಕ್ಷಮಿಸಿಲ್ಲ! ಕಚೇರಿಯ ಬಾಗಿಲಲ್ಲಿ ಅತ್ತೆ ನಿಂತಿದ್ದರು. ಕಳಂಬೋಲಿಯ ಕಬ್ಬಿಣದ ಪೇಟೆಯಲ್ಲಿ ಕೆಲಸ ಮಾಡುವ ಅವರ ತಮ್ಮ, ವಿಜಯಪುರದವನು, ಹಾರದ ಚೀಲ ಹಿಡಿದುಕೊಂಡು ನಕ್ಕ. “ಏನ್ರಿ ಮಾಮಾರ, ಓಡಿಹೋಗೂದಂದ್ರ ಇಷ್ಟು ಸಾವಕಾಶ ಏನ್ರಿ?”

“ಸ್ಲೋ ಲೋಕಲ್ ಮಾರಾಯ, ಎಲ್ಲ ಸ್ಟೇಷನ್‌ನಲ್ಲಿ ನಿಂತು ನಿಂತು ಓಡಿ ಬಂದೆವು.”

ಸಹಿಯಾಯಿತು, ಹಾರವೂ ಆಯಿತು. ಅತ್ತೆಯ ತಮ್ಮ ಚೀಲದಿಂದ ಕುಂಕುಮದ ಪೊಟ್ಟಣ ತೆಗೆದ. ತೆಗೆದದ್ದೇ ತಡ, ಅಮ್ಮ ಮೆಲ್ಲನೆ ಬಾಗಿಲ ಕಡೆ ಸರಿದಳು. ಅಪ್ಪ ಹೋದ ಮೇಲೆ ಯಾವ ಮದುವೆಯಲ್ಲೂ ಅವಳು ಹೀಗೆಯೇ. ಅರಿಸಿನ ಕುಂಕುಮದ ತಟ್ಟೆ ಹೊರಬಂದೊಡನೆ ಅವಳಿಗೆ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗುತ್ತಿತ್ತು. ಹೋಗು ಎಂದು ಯಾರೂ ಹೇಳಿದ್ದಿಲ್ಲ. ಬಾ ಎಂದೂ ಯಾರೂ ಕರೆದಿದ್ದಿಲ್ಲ. ಅವಳ ಮಗನಾದ ನಾನೂ ಕರೆದಿರಲಿಲ್ಲ.

“ಎಲ್ಲಿಗೆ ಅಕ್ಕ? ಬಾ, ಅವಳಿಗೆ ಕುಂಕುಮ ಇಡು.”

“ನಾನು ಇಡ್ಬಾರ್ದು ಮಾರಾಯ. ಯಾರಾದ್ರೂ ಮುತ್ತೈದೆಯನ್ನು ಕರಿ.”

“ಯಾರನ್ನು ಕರೆಯುದು? ಬೇರೆ ಒಬ್ಬ ಹೆಂಗಸನ್ನೂ ನಾನು ಕರೀಲಿಲ್ಲ. ಅಷ್ಟು ಮದುವೆಗೆ ಬಡಿಸಿದ್ದೇನೆ ಅಕ್ಕ, ನೀನು ಎಲ್ಲಿ ಹೋಗಿ ಕೂತ್ಕೊಳ್ತಿ ಅಂತ ನಾನು ನೋಡ್ಲಿಲ್ವಾ?”

ಅತ್ತೆ ಆಗಲೇ ಅಮ್ಮನೆದುರು ತಲೆ ಬಾಗಿಸಿ ನಿಂತಿದ್ದರು. “ಇಡ್ರಿ ಅಕ್ಕಾರ, ನೀವ ಇಡಬೇಕು” ಎಂದರು.

ಅಮ್ಮ ಚಿಟಿಕೆ ತುಂಬ ತೆಗೆದು ಇಟ್ಟ ಕುಂಕುಮ ಅತ್ತೆಯ ಮೂಗಿನ ಮೇಲೆಲ್ಲ ಉದುರಿತು. ಅತ್ತೆ ಅದನ್ನು ಒರೆಸಿಕೊಳ್ಳಲಿಲ್ಲ. ಆ ತುಂಬಿದ ರೈಲಿನಲ್ಲಿ ಡೊಂಬಿವಲಿಯವರೆಗೂ ಹಾಗೆಯೇ ಬಂದರು.