ಒಂದೇ ಕಡೆ ನೋಡುವ ಓಲೆಗಳು

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳಿಗೆ ನಿವೃತ್ತಿಯಾದ ಮೇಲೆ ಆಗುವ ದೊಡ್ಡ ತೊಂದರೆ ಎಂದರೆ, ಬೈಯುವುದಕ್ಕೆ ಯಾರೂ ಸಿಗುವುದಿಲ್ಲ. ಎರಡು ತ್ರಿಭುಜ ಒಂದರ ಮೇಲೊಂದು ಕೂರುತ್ತಿಲ್ಲ ಎಂದು ಹುಡುಗರು ಕೈಚೆಲ್ಲಿ ಕೂತರೆ, "ತಿರುಗಿಸಿ ನೋಡೋ ಕೋಣ, ಕಾಗದ ಮಗುಚಿ ನೋಡು!" ಎಂದು ಚಾಕ್‌ಪೀಸು ಎಸೆಯುತ್ತಿದ್ದವಳು ನಾನು. ಈಗ ಎಸೆಯುವುದು ಯಾರಿಗೆ? ಮನೆಯಲ್ಲಿರುವವರು ನಮ್ಮ ಯಜಮಾನರೊಬ್ಬರೇ. ಅವರು ನಿವೃತ್ತ ಸಂಸ್ಕೃತ ಮೇಷ್ಟ್ರು, ನಾನು ಒಂದು ಬೈದರೆ ಎರಡು ಸುಭಾಷಿತ ಹೇಳುತ್ತಾರೆ. ಸುಭಾಷಿತಕ್ಕಿಂತ ಮೌನ ವಾಸಿ ಎಂದುಕೊಂಡು ನಾನು ಕೈಗೆ ಏನಾದರೂ ಕೆಲಸ ಹುಡುಕತೊಡಗಿದೆ. ಶಿವಮೊಗ್ಗದ ವಿನೋಬನಗರದ ನಮ್ಮ ಬೀದಿಯ ಕೊನೆಯಲ್ಲೇ ಮೂರು ದಿನದ ಮಣಿ ಆಭರಣದ ತರಗತಿ ನಡೆಯಿತು. ಹೋದೆ, ಕಲಿತೆ, ಅಲ್ಲಿಂದ ನನ್ನ ನೆಮ್ಮದಿ ಹಾಳಾಯಿತು.

ಮಣಿ ಪೋಣಿಸುವುದು ಕಷ್ಟವಲ್ಲ. ಹೂ ಕಟ್ಟಲು ಬರುವ ಯಾರಿಗೂ ಅದು ಬರುತ್ತದೆ. ಪ್ರಾಣ ತಿನ್ನುವುದು ತಂತಿ. ಮಣಿ ಎಷ್ಟೇ ಚಂದವಿದ್ದರೂ ಕೊನೆಗೆ ಅದನ್ನು ಕಿವಿಗೆ ನೇತುಹಾಕುವುದು ಒಂದು ಜುಜುಬಿ ಕೊಕ್ಕೆಯೇ ತಾನೆ? ಮೊದಲ ಜೊತೆಗೆ ನಾನು ಅಂಗಡಿಯ ರೆಡಿಮೇಡ್ ಕೊಕ್ಕೆ ಹಾಕಿ ಪಕ್ಕದ ಮನೆಯ ಗಿರಿಜಮ್ಮನಿಗೆ ಕೊಟ್ಟೆ. ಎರಡೇ ದಿನಕ್ಕೆ ಕೊಕ್ಕೆ ಕಪ್ಪಗಾಯಿತು, ಗಿರಿಜಮ್ಮನ ಕಿವಿ ಕೆಂಪಗಾಯಿತು. ಪಾಪ, ಅವರು ದೊಡ್ಡ ಮನಸ್ಸಿನವರು. "ತುಂಬಾ ಚೆನ್ನಾಗಿದೆ ಟೀಚರ್, ಜೋಪಾನವಾಗಿ ಬೀರುನಲ್ಲಿಟ್ಟಿದೀನಿ" ಎಂದರು. ಆಮೇಲೆ ಗೊತ್ತಾಯಿತು, ನಾನು ಯಾರಿಗೆ ಕೊಟ್ಟರೂ ಅದು ಸೇರುವುದು ಬೀರುವನ್ನೇ. ನಾದಿನಿ, ಓರಗಿತ್ತಿ, ಹಳೆಯ ಸಹೋದ್ಯೋಗಿಗಳು, ಎಲ್ಲರೂ ಹೊಗಳಿದರು, ಎಲ್ಲರೂ ಬೀರುವಿಗೆ ಬೀಗ ಹಾಕಿಕೊಂಡರು. ನಾನು ಮಾಡಿದ ಓಲೆ ಹಾಕಿಕೊಂಡು ಒಬ್ಬಳಾದರೂ ಮನೆಯ ಗೇಟು ದಾಟಲಪ್ಪಾ ದೇವರೇ ಎಂಬುದೊಂದೇ ನನ್ನ ಆಸೆಯಾಗಿಬಿಟ್ಟಿತು.

ಸರಿ, ಕೊಕ್ಕೆಯನ್ನೂ ನಾನೇ ಮಾಡುತ್ತೇನೆ ಎಂದು ಹಟ ಹಿಡಿದೆ. ನಾನೇನು ಕಡಿಮೆಯವಳೇ? ಭದ್ರಾವತಿಯಲ್ಲಿ ಹುಟ್ಟಿದವಳು. ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್, ಅಣ್ಣನೂ ಫಿಟ್ಟರ್. ಕಬ್ಬಿಣ ಬಗ್ಗಿಸಿ ಅನ್ನ ತಿಂದ ಮನೆ ನಮ್ಮದು. ಕ್ಯಾಲೆಂಡರ್ ನೇತುಹಾಕಲು ಅಪ್ಪ ಗೋಡೆಗೆ ಹೊಡೆದ ಕೊಕ್ಕೆಗೆ ಎಮ್ಮೆ ಕಟ್ಟಬಹುದಿತ್ತು. ಅಂಥ ವಂಶದಲ್ಲಿ ಹುಟ್ಟಿ ಒಂದು ಗೇಣು ಹಿತ್ತಾಳೆ ತಂತಿಗೆ ಹೆದರುವುದೇ? ಗಾಂಧಿ ಬಜಾರಿನಲ್ಲಿ ತಂತಿ ತಂದೆ, ಮೂತಿ ದುಂಡಗಿರುವ ಪುಟ್ಟ ಇಕ್ಕಳ ತರಿಸಿದೆ. ಬಂದ ಮರುದಿನವೇ ಯಜಮಾನರು ಅದರಿಂದ ಹಾಲಿನ ಪಾತ್ರೆ ಇಳಿಸಲು ಹೋಗಿ ಅಡುಗೆಕಟ್ಟೆಗೆಲ್ಲ ಕ್ಷೀರಾಭಿಷೇಕ ಮಾಡಿದರು. "ಇಕ್ಕಳ ಅಂದ್ಮೇಲೆ ಪಾತ್ರೆ ಹಿಡೀಬೇಕಲ್ವೇನೆ?" ಎಂದು ನನ್ನನ್ನೇ ಕೇಳಿದರು. ಅಂದಿನಿಂದ ಆ ಇಕ್ಕಳವನ್ನು ನಾನು ದಿಂಬಿನ ಕೆಳಗಿಟ್ಟುಕೊಳ್ಳುತ್ತೇನೆ.

ಬರೀ ಕೊಕ್ಕೆ ಬೋಳುಬೋಳಾಗಿ ಕಾಣುತ್ತದೆಂದು ಅದರ ಕೆಳಗೆ ತಂತಿಯದೇ ಒಂದು ಸುರುಳಿ, ಸುರುಳಿಯ ಕೆಳಗೆ ಮಣಿ, ಹೀಗೆ ನನ್ನ ವಿನ್ಯಾಸ. ತಂತಿಯ ತುದಿಯನ್ನು ಇಕ್ಕಳದಲ್ಲಿ ಹಿಡಿದು ಪುಟ್ಟ ಸೊನ್ನೆ ಮಾಡಬೇಕು. ಆ ಸೊನ್ನೆಯ ಸುತ್ತ ಹೆಬ್ಬೆರಳಿನಿಂದ ತಂತಿಯನ್ನು ಒತ್ತುತ್ತ ಒತ್ತುತ್ತ, ಚಕ್ಕುಲಿ ಸುತ್ತಿದ ಹಾಗೆ ಸುತ್ತುತ್ತ ಹೋಗಬೇಕು. ಬಿಗಿಯಾದರೆ ಗಂಟಾಗುತ್ತದೆ, ಸಡಿಲವಾದರೆ ಸೊಟ್ಟಗಾಗುತ್ತದೆ. ಹೆಬ್ಬೆರಳಿನ ಚರ್ಮ ಎರಡು ಸಲ ಎದ್ದುಹೋಯಿತು. ಕೊನೆಗೊಂದು ದಿನ ಸುರುಳಿ ಒಲಿಯಿತು ನೋಡಿ! ಆ ಹುರುಪಿನಲ್ಲಿ ಜೊತೆಯ ಮೇಲೆ ಜೊತೆ ಮಾಡಿದೆ. ಹಳೆಯ ಮದುವೆ ಕಾಗದಗಳನ್ನು ಕತ್ತರಿಸಿ, ಆ ರಟ್ಟಿಗೆ ಒಂದೊಂದು ಜೊತೆ ಚುಚ್ಚಿ ಡಬ್ಬಿಯಲ್ಲಿ ಸಾಲಾಗಿ ಜೋಡಿಸಿದೆ. ಎಲ್ಲ ಒಂದೇ ಅಳತೆ, ಒಂದೇ ಸುತ್ತು. ಗಣಿತದ ಟೀಚರ್ ಅಂದರೆ ಸುಮ್ಮನೆಯೇ?

ಆ ಡಬ್ಬಿಯನ್ನು ಮೊದಲು ತೆರೆದವಳು ಸಹನಾ, ನನ್ನ ಅಣ್ಣನ ಮಗಳು. ನಿಶ್ಚಿತಾರ್ಥಕ್ಕೆ ಸೀರೆ ಕೊಳ್ಳಲು ಶಿವಮೊಗ್ಗಕ್ಕೆ ಬಂದವಳು ಊಟಕ್ಕೆ ನಮ್ಮಲ್ಲಿಗೆ ಬಂದಿದ್ದಳು. ಒಂದು ಜೊತೆ ತೆಗೆದು ಕಿವಿಗೆ ಹಿಡಿದು ಕನ್ನಡಿ ನೋಡಿಕೊಂಡಳು. ಅವಳು ತಲೆಯನ್ನು ಅತ್ತಿತ್ತ ವಾಲಿಸಿದ್ದು ನೋಡಿಯೇ ನನಗೆ ಅರ್ಥವಾಯಿತು, ಇದೂ ಬೀರುವಿಗೇ ಹೊರಟಿತು ಎಂದು.

"ಅತ್ತೆ, ಬೇಜಾರು ಮಾಡ್ಕೋಬೇಡಿ. ಎರಡೂ ಒಂದೇ ಕಡೆ ನೋಡ್ತಿವೆ" ಎಂದಳು.

"ನೋಡಿದ್ರೇನಾಯ್ತೇ?"

"ಒಂದು ನನ್ನ ಮುಖ ನೋಡ್ತಿದೆ, ಇನ್ನೊಂದು ಮುಖ ತಿರುಗಿಸ್ಕೊಂಡು ಹೊರಟಿದೆ. ಜಗಳ ಆಡ್ಕೊಂಡಿರೋ ಗಂಡ-ಹೆಂಡ್ತಿ ಥರ. ಒಂದು ಬಲಕ್ಕೆ, ಒಂದು ಎಡಕ್ಕೆ ಸುತ್ತಿಕೊಡಿ ಅತ್ತೆ. ಎಂಗೇಜ್‌ಮೆಂಟಿಗೆ ಅದನ್ನೇ ಹಾಕ್ಕೋತೀನಿ. ನಿಜವಾಗ್ಲೂ!"

ನೋಡಿದರೆ ಹೌದು! ಡಬ್ಬಿಯಲ್ಲಿದ್ದ ಅಷ್ಟೂ ಸುರುಳಿಗಳು ಎಡಕ್ಕೇ ತಿರುಗಿದ್ದವು. ನನ್ನ ಬಲಗೈ ಸುತ್ತಿದರೆ ತಂತಿ ಎಡಕ್ಕೇ ಹೋಗುತ್ತದೆ, ಅದು ಅದರ ಹಣೆಬರಹ. ಹಾಗಾದರೆ ಬಲಕ್ಕೆ ಹೋಗಬೇಕಾದರೆ ಎಡಗೈಯಿಂದ ಸುತ್ತಬೇಕು. ಇದು ನನ್ನ ತರ್ಕ. ಈ ತರ್ಕದಲ್ಲಿ ಎಲ್ಲೂ ತಪ್ಪಿಲ್ಲವೆಂದು ಆಗ ನನಗೆ ಎಷ್ಟು ಖಾತ್ರಿಯಿತ್ತೆಂದರೆ, ಕರಿಹಲಗೆ ಇದ್ದಿದ್ದರೆ ಬರೆದು ಕೆಳಗೆ ಎರಡು ಗೆರೆ ಎಳೆದುಬಿಡುತ್ತಿದ್ದೆ.

ನಿಶ್ಚಿತಾರ್ಥಕ್ಕೆ ಎರಡು ತಿಂಗಳಿತ್ತು. ಆ ಎರಡು ತಿಂಗಳು ನಾನು ಪಟ್ಟ ಪಾಡು ಶತ್ರುವಿಗೂ ಬೇಡ. ಅರವತ್ತು ದಾಟಿದ ಎಡಗೈಗೆ ಹೊಸದಾಗಿ ಅಕ್ಷರಾಭ್ಯಾಸ! ಮೊದಲು ಅದು ಪಳಗಲಿ ಎಂದು ಸಾರಿಗೆ ಎಡಗೈಯಲ್ಲಿ ಸೌಟು ಹಾಕಿದೆ. "ಎಡಗೈಲಿ ಬಡಿಸ್ತೀಯಲ್ಲೇ!" ಎಂದು ಯಜಮಾನರು ತಟ್ಟೆ ಸರಿಸಿದರು. ಬೆಳಿಗ್ಗೆ ಎಡಗೈಯಲ್ಲೇ ರಂಗೋಲಿ ಇಟ್ಟೆ. ಅದನ್ನು ನೋಡಿದ ಗಿರಿಜಮ್ಮ ಓಡಿಬಂದು, "ಟೀಚರ್, ಬಲಗೈಗೆ ಸ್ವಾಧೀನ ಇದೆಯಾ? ಒಂದ್ಸಲ ಎತ್ತಿ ನೋಡಿ. ನಗಿ ನೋಡೋಣ, ಬಾಯಿ ಸೊಟ್ಟಗಾಗಿಲ್ಲ ತಾನೆ?" ಎಂದು ಬೀದಿಯಲ್ಲೇ ತಪಾಸಣೆ ಮಾಡಿದರು. ಎಡಗೈ ಸುತ್ತಿದ ಸುರುಳಿಗಳಲ್ಲಿ ಒಂದು ಮೊಟ್ಟೆಯ ಹಾಗೆ, ಒಂದು ಹಪ್ಪಳದ ಹಾಗೆ, ಒಂದು ನೋಡಿದವರಿಗೆ ಹೊಟ್ಟೆ ತೊಳಸುವ ಹಾಗೆ. ತಂತಿಯನ್ನು ಬೈದೆ, ಇಕ್ಕಳವನ್ನು ಬೈದೆ, ಜಗಳವಾಡದ ಓಲೆಯೇ ಬೇಕೆಂದ ಸಹನಾಳನ್ನೂ ಮನಸ್ಸಿನಲ್ಲೇ ಬೈದೆ. ಬೈಯಲು ಯಾರೂ ಇಲ್ಲವೆಂಬ ಕೊರಗಂತೂ ತೀರಿತು.

ಇನ್ನು ಐದು ದಿನ ಇದೆ ಎನ್ನುವಾಗ, ಅದು ಹೇಗೋ, ಯಾವ ದೇವರ ಪುಣ್ಯವೋ, ಒಂದೇ ಒಂದು ಸುರುಳಿ ಬಲಕ್ಕೆ ದುಂಡಗೆ ಕೂತಿತು. ಹಳೆಯ ಡಬ್ಬಿಯಿಂದ ಎಡಕ್ಕೆ ತಿರುಗಿದ್ದೊಂದನ್ನು ತೆಗೆದು ಜೋಡಿ ಮಾಡಿ, ಹಸಿರು ಮಣಿ ನೇತುಹಾಕಿ, ಫೋಟೋ ತೆಗೆದು ಸಹನಾಗೆ ಕಳಿಸಿದೆ. ಅವಳು ಹೃದಯದ ಚಿತ್ರಗಳ ಮಳೆಗರೆದಳು. ಅಷ್ಟಕ್ಕೇ ಸುಮ್ಮನಿರಬಾರದಿತ್ತೇ? ಹುಡುಗನ ಮನೆಯವರಿಗೂ ಕಳಿಸಿದಳು. ಮರುದಿನ ಬೆಳಿಗ್ಗೆ ಹುಡುಗನ ಅಜ್ಜಿಯ ಫೋನು. ರಾಗಿಗುಡ್ಡದ ಕಡೆ ಮನೆ, ಬಹಳ ಮಡಿಯವರು, ಮಾತು ಮಾತ್ರ ಬೆಣ್ಣೆ.

"ಅಮ್ಮಾ, ತಪ್ಪು ತಿಳ್ಕೋಬೇಡಿ. ಬಂಗಾರ ಅಲ್ದಿದ್ರೂ ನಂಗೇನಿಲ್ಲ, ಹುಡುಗಿ ಆಸೆಪಟ್ಟಿದಾಳೆ, ಹಾಕ್ಕೊಳ್ಲಿ. ಆದ್ರೆ ಒಂದು ಕಿವೀದು ಅಪ್ರದಕ್ಷಿಣೆ ತಿರುಗಿದೆಯಲ್ಲ? ಶುಭಕಾರ್ಯಕ್ಕೆ ಎರಡೂ ಬಲಮುರಿ ಇದ್ರೆ ಚೆಂದ. ಗಣಪನ ಸೊಂಡಿಲಾಗ್ಲಿ ಶಂಖ ಆಗ್ಲಿ, ಬಲಮುರಿಗೇ ಅಲ್ವಾ ಹೆಚ್ಚು? ಆಗದಿದ್ರೆ ಚಿಂತೆ ಇಲ್ಲ. ನಮ್ಮನೇಲಿ ಹಳೇದೊಂದು ಕೆಂಪುಕಲ್ಲಿನ ಓಲೆ ಇದೆ, ಅದನ್ನೇ ಹಾಕ್ಸಿಬಿಡೋಣ."

ನನ್ನ ತಲೆಗೆ ಕಲ್ಲು ಬಿದ್ದಂತಾಯಿತು, ಅದೂ ಕೆಂಪುಕಲ್ಲು. ಎರಡೂ ಒಂದೇ ಕಡೆ ನೋಡುತ್ತವೆಂದು ತಾನೇ ನಾನು ಎರಡು ತಿಂಗಳು ಕೈ ಸವೆಸಿದ್ದು? ಈಗ ಎರಡೂ ಒಂದೇ ಕಡೆ ನೋಡಬೇಕಂತೆ, ಆದರೆ ಆ ಇನ್ನೊಂದು ಕಡೆ! ಸಹನಾಗೆ ಫೋನು ಮಾಡಿದರೆ, "ಅಜ್ಜಿ ಮೊದಲ ಸಲ ಒಂದು ಮಾತು ಹೇಳಿದಾರೆ, ಹೇಗೆ ಇಲ್ಲ ಅನ್ಲಿ ಅತ್ತೆ?" ಎಂದು ಅಳುವ ದನಿ ತೆಗೆದಳು. ಯಜಮಾನರನ್ನು ಕೇಳಿದರೆ, "ಆಕೆ ಹೇಳಿದ್ದು ಸರಿಯಾಗೇ ಇದೆ. ಆದ್ರೆ ಬಲ ಅಂದ್ರೆ ಹಾಕ್ಕೊಂಡವರ ಬಲವೋ, ನೋಡೋರ ಬಲವೋ? ಇದು ಸೂಕ್ಷ್ಮ" ಎಂದು ದೇವರ ಮನೆಯ ಮುಂದೆ ತಾವೇ ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಸುತ್ತಿ ತಲೆ ತಿರುಗಿ ಕುರ್ಚಿಯಲ್ಲಿ ಕೂತರು. ಅವರಿಗೆ ನೀರು ಕೊಟ್ಟು ನಾನು ಮತ್ತೆ ತಂತಿ ಹಿಡಿದೆ. ಎರಡು ದಿನ ಸುತ್ತಿದೆ. ಎಡಗೈ ಆ ಒಂದು ಸುರುಳಿಯನ್ನು ಕಣ್ತಪ್ಪಿ ಮಾಡಿತ್ತೇ ಹೊರತು ಕಲಿತು ಮಾಡಿರಲಿಲ್ಲ. ಇನ್ನೊಂದು ಬರಲೇ ಇಲ್ಲ. ನನಗೆ ನಿಜವಾಗಿ ಅಳು ಬಂತು. ಒಂದು ಹುಡುಗಿ ಬಾಯಿಬಿಟ್ಟು ಹಾಕಿಕೊಳ್ಳುತ್ತೇನೆ ಎಂದಿದ್ದಳು, ಅದೂ ತಪ್ಪಿಹೋಯಿತಲ್ಲ ಎಂದು.

ಸೋಲೊಪ್ಪಿಕೊಳ್ಳುವುದಾದರೆ ಎದುರಿಗೇ ಒಪ್ಪಿಕೊಳ್ಳೋಣ ಎಂದು ಡಬ್ಬಿ, ಇಕ್ಕಳ ಸಮೇತ ಭದ್ರಾವತಿಯ ಬಸ್ಸು ಹತ್ತಿದೆ. ಬಸ್ಸಿನಲ್ಲಿ ಎಲ್ಲ ಹೆಂಗಸರ ಕಿವಿಯಲ್ಲೂ ಏನೋ ಒಂದು ನೇತಾಡುತ್ತಿತ್ತು, ಒಂದೂ ನನ್ನದಲ್ಲ. ನ್ಯೂಟೌನಿನ ಮನೆಯಲ್ಲಿ ಅಣ್ಣ ಜಗುಲಿಯ ಮೇಲೆ ಟೇಬಲ್ ಫ್ಯಾನು ಬಿಚ್ಚಿ ಎಣ್ಣೆ ಬಿಡುತ್ತ ಕೂತಿದ್ದ. ಈ ಅಣ್ಣ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಮೂರು ಸಲ ಕೂತವನು, ಮೂರನೆಯ ಸಲ ನಾನೇ ಹೇಳಿಕೊಟ್ಟು ಪಾಸು ಮಾಡಿಸಿದ್ದೆ. ಅಪ್ರದಕ್ಷಿಣೆಯ ಕಥೆಯೆಲ್ಲ ಹೇಳಿ, "ಆಗಲ್ಲ ಕಣೋ ಅಣ್ಣ, ಇನ್ನೊಂದು ಬಲಕ್ಕೆ ತಿರುಗಿದ್ದು ಮಾಡೋಕೆ ನನ್ನ ಕೈಲಾಗಲ್ಲ. ಆ ಕೆಂಪುಕಲ್ಲಿಂದೇ ಹಾಕ್ಕೊಳ್ಲಿ" ಎಂದು ಕಣ್ಣೊರೆಸಿಕೊಂಡೆ.

ಅಣ್ಣ ಕೈ ಒರೆಸಿಕೊಂಡು ಡಬ್ಬಿಯಿಂದ ಎಡಕ್ಕೆ ತಿರುಗಿದ್ದ ಓಲೆಯೊಂದನ್ನು ತೆಗೆದ. ನನ್ನ ಇಕ್ಕಳದಿಂದ ಕೊಕ್ಕೆಯ ಬಾಯಿ ಬಿಡಿಸಿದ, ಸುರುಳಿಯನ್ನು ಈಚೆ ತೆಗೆದ, ಎರಡು ಬೆರಳಲ್ಲಿ ದೋಸೆ ಮಗುಚಿದ ಹಾಗೆ ಮಗುಚಿದ, ಮತ್ತೆ ಸಿಕ್ಕಿಸಿ ಬಾಯಿ ಮುಚ್ಚಿದ. ನನ್ನ ಮುಂದೆ ಹಿಡಿದ. ಬಲಮುರಿ!

"ಈ ಫ್ಯಾನು ಮುಂದಿನಿಂದ ನೋಡಿದ್ರೆ ಒಂದು ಕಡೆ ತಿರುಗುತ್ತೆ, ಹಿಂದೆ ನಿಂತು ನೋಡಿದ್ರೆ ಇನ್ನೊಂದು ಕಡೆ" ಎಂದ ಅಣ್ಣ, ಫ್ಯಾನಿನ ಕಡೆಗೇ ನೋಡುತ್ತ. "ಇದೂ ಅಷ್ಟೇ ಅಲ್ವೇನೇ ಮಾರಾಯ್ತಿ? ತಿರುಗಿಸಿ ನೋಡೋದಲ್ವಾ?" ಅವನು ಪುಣ್ಯಾತ್ಮ, ಕೋಣ ಎನ್ನಲಿಲ್ಲ. ಚಾಕ್‌ಪೀಸನ್ನೂ ಎಸೆಯಲಿಲ್ಲ. ಎಸೆದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಎರಡು ತಿಂಗಳು! ಸಾರು, ರಂಗೋಲಿ, ಎದ್ದುಹೋದ ಹೆಬ್ಬೆರಳು! ಡಬ್ಬಿಯಲ್ಲಿದ್ದ ಅಷ್ಟೂ ಸುರುಳಿಗಳು ಮೊದಲಿನಿಂದಲೂ ಎಡಮುರಿಯೂ ಹೌದು, ಬಲಮುರಿಯೂ ಹೌದು. ರಟ್ಟಿಗೆ ಚುಚ್ಚಿ ಒಂದೇ ಮುಖ ನೋಡುತ್ತ ಕೂತವಳು ನಾನು. ಒಳಗಿನಿಂದ ಬಂದ ಸಹನಾ ವಿಷಯ ತಿಳಿದು ಬಿದ್ದು ಬಿದ್ದು ನಕ್ಕಳು. ನಾನು ಬೈಯಲಿಲ್ಲ. ಬೈಯುವ ಹಕ್ಕು ಹೊರಟುಹೋಗಿತ್ತು.

ನಿಶ್ಚಿತಾರ್ಥದ ದಿನ ಸಹನಾ ಹಸಿರು ಸೀರೆಯುಟ್ಟು, ನನ್ನ ಓಲೆ ಹಾಕಿಕೊಂಡು ಮನೆಯ ಗೇಟು ದಾಟಿದಳು. ನಾನು ಗೇಟಿನ ಪಕ್ಕದಲ್ಲೇ ನಿಂತು ನೋಡಿದೆ. ಛತ್ರದಲ್ಲಿ ಅಜ್ಜಿ ಅವಳ ಗಲ್ಲ ಹಿಡಿದು ಎರಡೂ ಸುರುಳಿಗಳ ಮೇಲೆ ಬೆರಳಾಡಿಸಿ, "ಹ್ಞಾಂ, ಈಗ ಲಕ್ಷಣವಾಯ್ತು ನೋಡಿ" ಎಂದರು. ಆದರೂ ನನ್ನ ಜೀವಕ್ಕೆ ನೆಮ್ಮದಿ ಎಲ್ಲಿ? ಸಹನಾ ಹಿರಿಯರಿಗೆ ನಮಸ್ಕಾರ ಮಾಡಲು ಬಗ್ಗಿದಾಗಲೆಲ್ಲ ಓಲೆಗಳು ಓಲಾಡುತ್ತಿದ್ದವು. ಎಲ್ಲಿ ಒಂದು ತಾನಾಗಿಯೇ ಮಗುಚಿಕೊಳ್ಳುತ್ತದೋ ಎಂದು ನಾನು ಹಿಂದೆಯೇ ಓಡುತ್ತಿದ್ದೆ, ಫೋಟೋ ತೆಗೆಯುವ ನೆಪದಲ್ಲಿ.

ಮರುದಿನ ಬೆಳಿಗ್ಗೆ ಗಿರಿಜಮ್ಮ ಬಂದರು. "ಹುಡುಗ ಹೇಗಿದಾನೆ ಟೀಚರ್? ಬೆಳ್ಳಗಿದಾನಾ? ಎತ್ತರಾನಾ?" ಎಂದರು. ನಾನು ಯೋಚಿಸಿದೆ. ಎಷ್ಟು ಯೋಚಿಸಿದರೂ ಮುಖ ನೆನಪಿಗೆ ಬರಲಿಲ್ಲ. "ಫೋಟೋ ಇದೆ, ನೋಡಿ" ಎಂದು ಫೋನು ಕೊಟ್ಟೆ. ಗಿರಿಜಮ್ಮ ಕನ್ನಡಕ ಏರಿಸಿಕೊಂಡು ಒಂದೊಂದೇ ಸರಿಸುತ್ತ ಹೋದರು. ಸಹನಾಳ ಬಲಗಿವಿ, ಎಡಗಿವಿ, ಮತ್ತೆ ಬಲಗಿವಿ. ಒಂದು ಫೋಟೋದ ಅಂಚಿನಲ್ಲಿ ಮಾತ್ರ ರೇಷ್ಮೆ ಅಂಗಿಯ ಅರ್ಧ ತೋಳು ಕಾಣುತ್ತಿತ್ತು.

"ಇದರಲ್ಲಿ ಹುಡುಗ ಎಲ್ಲಿ?"

"ಆ ತೋಳು ಅವಂದೇ ಇರ್ಬೇಕು" ಎಂದೆ. ಆಮೇಲೆ ಬಾಯಿಗೆ ಅಭ್ಯಾಸವಾದ ಮಾತು ತಾನಾಗಿ ಬಂದುಬಿಟ್ಟಿತು. "ತಿರುಗಿಸಿ ನೋಡಿ."

ಗಿರಿಜಮ್ಮ ಪಾಪ ಫೋನನ್ನು ಅಡ್ಡ ತಿರುಗಿಸಿದರು, ಉದ್ದ ತಿರುಗಿಸಿದರು. ಎಷ್ಟು ತಿರುಗಿಸಿದರೂ ಹುಡುಗ ಸಿಗಲಿಲ್ಲ.