ಜಾರುಬಂಡೆಗೆ ಕಟ್ಟಿದ ಎಮ್ಮೆ

ಮಧ್ಯಾಹ್ನ ಸಾಹೇಬರು ಪಾರ್ಕು ನೋಡಲು ಬರುತ್ತಾರೆಂಬ ಚೀಟಿ ಕೈಗೆ ಬಂದಾಗ ನೂರುಲ್ಲಾ ಮೊದಲು ನೋಡಿದ್ದು ಜಾರುಬಂಡೆಯ ಕಡೆಗೆ. ಅದಕ್ಕೆ ಗಂಗರತ್ನಮ್ಮನ ಎಮ್ಮೆ ಕಟ್ಟಿತ್ತು.

ಯಲಹಂಕದಾಚೆ, ಕೆರೆಯ ದಂಡೆಯಲ್ಲಿ ಮೂವತ್ತು ಮನೆಗಳ ಹಳ್ಳಿ. ಪಕ್ಕದಲ್ಲೇ ಸರ್ಕಾರ ಎಪ್ಪತ್ತೊಂಬತ್ತರಲ್ಲಿ ಪಾರ್ಕು ಮಾಡಿತ್ತು. ಓಡಾಡಲು ಹಾಕಿದ ಸಿಮೆಂಟು ದಾರಿ ರಾಗಿ ಒಣಗಿಸಲು ಹೇಳಿ ಮಾಡಿಸಿದಂತಿತ್ತು. ಕಾಂಪೌಂಡ್ ಗೋಡೆಯ ತುಂಬ ಬೆರಣಿ, ಉಯ್ಯಾಲೆಯ ಮೇಲೆ ಸೀರೆ. ನೂರುಲ್ಲಾ ಅಲ್ಲಿ ದಿನಗೂಲಿ ವಾಚ್‌ಮನ್. ಇವತ್ತು ಸಾಹೇಬರು ಮೆಚ್ಚಿದರೆ ಕೆಲಸ ಪರ್ಮನೆಂಟು.

"ಗಂಗಕ್ಕಾ, ಇವತ್ತೊಂದಿನ ಎಲ್ಲಾ ತೆಗೀರಿ. ನನ್ ಕೆಲ್ಸ ಹೋಗ್ಬಿಡ್ತದೆ."

"ಅಯ್ಯೋ ಸಾಬ್ರೇ, ಮೊದ್ಲೇ ಏಳ್ಬಾರ್ದಾ? ಬನ್ರೇ ಎಲ್ಲಾ!" ಎಂದು ಗಂಗರತ್ನಮ್ಮ ಊರಿಗೇ ಕೇಳುವಂತೆ ಕೂಗಿದಳು.

ಗಂಟೆಯೊಳಗೆ ರಾಗಿ ಮೂಟೆ ಸೇರಿತು, ಬೆರಣಿ ಬುಟ್ಟಿ ಸೇರಿತು, ಸೀರೆ ಮನೆ ಸೇರಿತು. ಎಮ್ಮೆ ಮಾತ್ರ, ತವರಿಗೆ ಬಂದ ಮಗಳು ಹೊರಡಲೊಲ್ಲದಂತೆ, ಕದಲಲಿಲ್ಲ.

"ನೀವು ಅಗ್ಗ ಇಡ್ಕಳಿ ಸಾಬ್ರೇ, ನಾನ್ ನೋಡ್ಕತೀನಿ" ಎಂದು ಪಕ್ಕದ ಮನೆಯ ಬೈರಣ್ಣ ಬಾಲ ತಿರುಚಿದ. ಎಮ್ಮೆ ಹಗ್ಗ ಹಿಡಿದ ನೂರುಲ್ಲಾನನ್ನೂ ಎಳೆದುಕೊಂಡು ನೇರ ಕೆರೆಗೆ ಇಳಿಯಿತು.

ಮೇಲೆ ಬಂದಾಗ ಅವನಿಗಿದ್ದ ಒಂದೇ ಖಾಕಿ ಸಮವಸ್ತ್ರದಿಂದ ಪಾಚಿ ನೀರು ಸುರಿಯುತ್ತಿತ್ತು.

"ಬಿಚ್ಚಿ ಕೊಡಿ, ಅರ್ಧ ಗಂಟೇಲಿ ಒಣಗ್ತದೆ." ಗಂಗರತ್ನಮ್ಮ ಅದನ್ನು ಜಾಲಿಸಿ ಹಿಂಡಿ ಒಯ್ದಳು. ನೂರುಲ್ಲಾ ಬೈರಣ್ಣನ ಲುಂಗಿ ಸುತ್ತಿಕೊಂಡು ಗೇಟಿನ ಹಿಂದೆ ನಿಂತ.

ಸಾಹೇಬರ ಜೀಪು ಒಂದು ಗಂಟೆ ಮುಂಚೆಯೇ ಬಂತು. ಹಳ್ಳಿಯವರೆಲ್ಲ ಓಡಿ ಬೆಂಚುಗಳ ಮೇಲೆ, ಗ್ರೂಪ್ ಫೋಟೋಗೆ ಕೂತವರಂತೆ, ಮೊಣಕಾಲ ಮೇಲೆ ಕೈಯಿಟ್ಟು ಕೂತರು.

ಸಾಹೇಬರು ದಾರಿ ನೋಡಿದರು, ಗೋಡೆ ನೋಡಿದರು. "ಭೇಷ್! ಒಂದು ಕಸ ಇಲ್ವಲ್ರೀ. ಎಷ್ಟು ಶಿಸ್ತಿನ ಜನ!"

ನೂರುಲ್ಲಾನ ಎದೆ ಹಗುರಾಯಿತು. ಅಷ್ಟರಲ್ಲಿ ಸಾಹೇಬರು ಉಯ್ಯಾಲೆಯ ಮುಂದೆ ನಿಂತರು. ಅದರ ಮೇಲೆ, ತೋಳು ಚಾಚಿಕೊಂಡು, ಖಾಕಿ ಅಂಗಿ ಒಣಗುತ್ತಿತ್ತು.

"ಯಾರದ್ದಿದು?"

"ನಮ್ ವಾಚ್‌ಮನ್ ಸಾಬ್ರದೇ ಸ್ವಾಮಿ. ನಾವ್ಯಾರೂ ಇಲ್ಲಿ ಬಟ್ಟೆ ಒಣಾಕಾಕಿಲ್ಲ!" ಗಂಗರತ್ನಮ್ಮ ಗೇಟಿನ ಹಿಂದಿದ್ದ ನೂರುಲ್ಲಾನ ಕಡೆ ಕೈ ತೋರಿಸಿ ಅಭಿಮಾನದಿಂದ ಹೇಳಿದಳು.

ಸಾಹೇಬರು ಲುಂಗಿಯ ವಾಚ್‌ಮನ್ನನ್ನು ಮೇಲಿಂದ ಕೆಳಗೆ ನೋಡಿ ಜೊತೆಗೆ ಬಂದಿದ್ದ ಗುಮಾಸ್ತನ ಕಡೆ ತಿರುಗಿದರು. "ಇಡೀ ಊರಲ್ಲಿ ಪಾರ್ಕ್ ಹಾಳ್ಮಾಡೋನು ಇವನೊಬ್ಬನೇ. ಇಂಥ ಜನ ಇರೋ ಕಡೆ ವಾಚ್‌ಮನ್ ಯಾಕ್ರೀ? ನಾಳೆಯಿಂದ ಬೇಡ ಅಂತ ಬರ್ಕೊಳ್ಳಿ."

ಜೀಪು ತಿರುವು ದಾಟುವ ಮೊದಲೇ ಎಮ್ಮೆ ತಾನಾಗಿ ಕೆರೆಯಿಂದ ಎದ್ದು ಬಂದು ಜಾರುಬಂಡೆಯ ಪಕ್ಕ ನಿಂತಿತು. ಆ ಪಾರ್ಕಿನಲ್ಲಿ ಪರ್ಮನೆಂಟಾದದ್ದು ಅದೊಂದೇ.