ಹಿಟ್ಟಿನ ಕೈ ಗೋಲ್‌ಕೀಪರ್

ಆಸ್ಟ್ರೇಲಿಯಾದ ಪರ್ತ್‌ನಲ್ಲಿ, ಸದರ್ನ್ ರಿವರ್ ಅನ್ನೋ ಬಡಾವಣೇಲಿ, ನನ್ನ ಮಗಳ ಪಕ್ಕದ ಮನೇಲಿ ಒಬ್ಬ ಜರ್ಮನ್ ತಾತ ಇದ್ದರು. ಅವರು ಸುಳ್ಳು ಹೇಳೋರು ಅಂತ ನಾನು ಹೇಳಲ್ಲ, ನಾಲಿಗೆ ಸೇದಿಹೋದೀತು! ಸತ್ಯಕ್ಕೆ ಒಂದು ಚಿಟಿಕೆ ಸೋಡಾ ಹಾಕಿ ಉಬ್ಬಿಸೋರು, ಅಷ್ಟೆ.

ಜರ್ಮನಿಗೆ ಫುಟ್‌ಬಾಲ್ ಹೊಸದಾಗಿ ಬಂದ ಕಾಲದಲ್ಲಿ ಅವರಪ್ಪ ಗೋಲ್‌ಕೀಪರಂತೆ. ವಾರವೆಲ್ಲ ಬೇಕರಿ ಕೆಲಸ, ಭಾನುವಾರ ಆಟ. ಗೆದ್ದಾಗ ಯಾರಾದರೂ ಕಾಫಿ ಕೊಡಿಸಿದರೂ “ನಾನು ಖುಷಿಗೆ ಆಡೋನು” ಅಂತ ಲೋಟ ಹಿಂದಕ್ಕೆ ತಳ್ಳೋರಂತೆ! ಭಾನುವಾರವೂ ಒಲೆ ಮುಂದಿನಿಂದ ನೇರ ಮೈದಾನಕ್ಕೆ ಓಡಿಬರ್ತಿದ್ದರಿಂದ, ಹಿಡಿದ ಚೆಂಡಿನ ಮೇಲೆಲ್ಲ ಹಿಟ್ಟಿನ ಅಂಗೈ ಗುರುತು!

ನಾನು ಓದಿದ್ದು ನಾಲ್ಕನೇ ಕ್ಲಾಸು, ಇಂಗ್ಲಿಷ್ ಎಲ್ಲಿಂದ ಬರಬೇಕು? ಆರು ವರ್ಷದ ಮೊಮ್ಮಗಳೇ ನಮ್ಮಿಬ್ಬರಿಗೂ ದುಭಾಷಿ. ಸಂಜೆ ಬೇಲಿ ಪಕ್ಕ ಕೂತು ಕೇಳ್ತಾ ಕೇಳ್ತಾ ನನ್ನ ಕಣ್ಣು ಎಳೆಯೋದು. ಅರೆನಿದ್ದೇಲಿ ಬಿಳೀ ಕೈಯವನೊಬ್ಬ ಮೋಡದೆತ್ತರಕ್ಕೆ ತೇಲಿಹೋಗಿ ಚೆಂಡು ಇಳಿಸಿಕೊಂಡು ಬರ್ತಿದ್ದ...

ಆ ಅಪ್ಪನ ಹಳೇ ಬೂಟು ತಾತನ ಊಟದ ಮೇಜಿನ ಮೇಲೇ ಇರೋದು!

“ಅನ್ನ ತಿನ್ನೋ ಜಾಗದಲ್ಲಿ ಎಕ್ಕಡವೇ?” ಅಂದೆ.

ಮೊಮ್ಮಗಳು ಕೇಳಿಬಂದಳು. “ಅಜ್ಜಿ, ಬೂಟ್ಸ್ ಫಸ್ಟ್ ಬಂತಂತೆ. ಟೇಬಲ್ ಆಮೇಲೆ ಬಂತಂತೆ!”

ಆಮೇಲೆ ಒಬ್ಬರೇ ಇರೋಕಾಗದೆ ತಾತ ಮನೆ ಖಾಲಿ ಮಾಡೋ ಹಾಗಾಯ್ತು. ಕರಕೊಂಡು ಹೋಗೋ ಅಡಿಲೇಡಿನ ಮಗಳು “ನಮ್ಮನೇಲಿ ಜಾಗ ಇಲ್ಲ, ಬೂಟು ಬೇಡ” ಅಂದಳಂತೆ. ಬ್ರಿಸ್ಬೇನಿನ ಮಗ “ಕಸಕ್ಕೆ ಹಾಕಿ” ಅಂದನಂತೆ. ನಾಳೆ ಹೊರಡಬೇಕು, ಇವತ್ತು ನಮ್ಮ ಆಯುಧಪೂಜೆ. ಸೌಟು, ಮಿಕ್ಸಿ, ಮೊಮ್ಮಗಳ ಚೆಂಡು ಎಲ್ಲಕ್ಕೂ ಕುಂಕುಮ ಇಡ್ತಿದ್ದೆ. ತಾತ ಬೂಟು ಎದೆಗವಚಿಕೊಂಡು ಬಂದರು.

“ಇದೂ ಟೂಲ್ ಅಲ್ವಾ ಅಂತ ಕೇಳ್ತಿದಾರೆ ಅಜ್ಜಿ.”

ದೇವರ ಮುಂದೆ ಚಪ್ಪಲಿಯೇ! ನಮ್ಮತ್ತೆ ಇದ್ದಿದ್ದರೆ ಆ ಸೌಟಲ್ಲೇ ಕೊಡೋರು. ಆದರೆ ತಾತ ಬೂಟನ್ನ ತಮ್ಮ ಅಂಗಿ ತೋಳಲ್ಲೇ ಒರೆಸಿ ನನ್ನ ಮುಂದೆ ಹಿಡಿದರು. ಇಟ್ಟೇ ಬಿಟ್ಟೆ ಕುಂಕುಮ, ಮೇಲೊಂದು ಹೂವು!

ತಾತನಿಗೆ ಎಷ್ಟು ಖುಷಿಯಾಯ್ತೋ, ಚೆಂಡನ್ನ ಮೆಲ್ಲಗೆ ಒದ್ದರು. ಬಾಗಿಲಲ್ಲಿ ಅಕ್ಕಿಹಿಟ್ಟಿನ ರಂಗೋಲಿ ಹಾಕ್ತಿದ್ದ ಮೊಮ್ಮಗಳು ಹಾರಿ ಎರಡೂ ಕೈಯಲ್ಲಿ ಹಿಡಿದಳು.

ಚೆಂಡಿನ ಮೇಲೆ ಎರಡು ಪುಟ್ಟ ಬಿಳೀ ಅಂಗೈ.

ತಾತ ಅದನ್ನೇ ನೋಡ್ತಾ ನಿಂತರು. ತಮ್ಮಪ್ಪನನ್ನ ಕರೆದ ಹಾಗೆ “ಪಾಪಾ” ಅಂದರು. ಅಷ್ಟೇ. ಒಂದು ಚಿಟಿಕೆಯೂ ಸೋಡಾ ಬೆರೆಸಲಿಲ್ಲ.

ತಾತ ನಮಗೇ ಕೊಟ್ಟುಹೋದ ಬೂಟು ಈಗ ನಮ್ಮನೇಲಿದೆ. ಎಲ್ಲಿಟ್ಟಿದೀನಿ ಅಂತ ಕೇಳ್ತೀರಾ?

ಊಟದ ಮೇಜಿನ ಮೇಲೆ.